ಅತ್ತೆ ಕರೀತಾರೆ

ನನ್ನ ಅಳಿಯ ಮೋರಿಯೊಳಗೆ ಸಾಯುವವನಿದ್ದ, ಸಾಯಲಿಲ್ಲ. ಯಾಕೆ ಸಾಯುವವನಿದ್ದ ಎಂಬುದನ್ನು ಊರಲ್ಲಿ ನಮ್ಮ ಜನ ಒಂದು ಥರ ಹೇಳುತ್ತಾರೆ, ಪಾಲಿಕೆಯ ಆಫೀಸಿನಲ್ಲಿ ಇನ್ನೊಂದು ಥರ ಹೇಳುತ್ತಾರೆ. ಇಬ್ಬರೂ ಅಲ್ಲಿರಲಿಲ್ಲ. ಮೋರಿಯ ಬಾಯಿಯ ಹತ್ತಿರ ನಿಂತವಳು ನಾನು. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ನಾನು ಆಳುಗಳ ಮೇಸ್ತ್ರಿ. ರಾಯಚೂರಿನ ಕಡೆಯಿಂದ ಬಂದವಳು. ಬಂದ ಹೊಸದರಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತೆ, ಆಮೇಲೆ ಬುಟ್ಟಿ ಹೊರುವವರನ್ನು ಊರಿಂದ ಕರೆತಂದೆ. ಈಗ ಮೊಮ್ಮಕ್ಕಳು ಶಾಲೆಗೆ ಹೋಗುತ್ತಾರೆ, ನಾನು ಇನ್ನೂ ಕೆಲಸಕ್ಕೆ ಹೋಗುತ್ತೇನೆ. ಹಲಸೂರಿನಲ್ಲಿ ಬಾಡಿಗೆ ರೂಮುಗಳಲ್ಲಿ ಅಕ್ಕಪಕ್ಕ ಇದ್ದೇವೆ. ಪಾಲಿಕೆಯ ಕೆಲಸ ಹಿಡಿಯುವ ಗುತ್ತಿಗೆದಾರರಿಗೆ ಆಳು ಒದಗಿಸುವುದು, ಆ ಆಳುಗಳಿಂದ ಕೆಲಸ ತೆಗೆಸುವುದು ನನ್ನ ಪಾಲು. ಮೋರಿ, ಫುಟ್‌ಪಾತು, ರಸ್ತೆ ಅಗೆಯುವುದು, ಮುಚ್ಚುವುದು, ಮತ್ತೆ ಅದನ್ನೇ ಅಗೆಯುವುದು. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ನಾವು ಅಗೆಯದ ರಸ್ತೆ ಕಡಿಮೆ. ಗಾಡಿಯಲ್ಲಿ ಹೋಗುವವರು ನಮ್ಮನ್ನು ನೋಡಿ ಬಯ್ಯುತ್ತಾರೆ. ಅಗೆಯಲು ಹೇಳಿದ್ದು ನಾವಲ್ಲ ಎಂದು ಎದ್ದು ನಿಂತು ಹೇಳುವುದಕ್ಕೆ ಪುರುಸೊತ್ತಿಲ್ಲ.

ಆ ಬೇಸಿಗೆಯ ಕೆಲಸ ಇಂದಿರಾನಗರದ ಮನೆಗಳ ಹಿಂದಿನಿಂದ ದೊಮ್ಮಲೂರಿನ ಕಡೆಗೆ ಇಳಿಯುವ ಒಂದು ದೊಡ್ಡ ಮೋರಿಯದು. ಹಳೆಯ ಕಲ್ಲಿನ ಗೋಡೆ ಕುಸಿದು, ಮಳೆ ಬಂದಾಗೆಲ್ಲ ಓಣಿಯ ಮನೆಗಳಿಗೆ ನೀರು ನುಗ್ಗುತ್ತಿತ್ತು. ಎರಡೂ ಕಡೆ ಕಾಂಕ್ರೀಟ್ ಗೋಡೆ ಎಬ್ಬಿಸಿ, ಮೇಲೆ ಸ್ಲ್ಯಾಬ್ ಮುಚ್ಚಿ, ಅದರ ಮೇಲೆ ರಸ್ತೆ ಮಾಡಬೇಕಿತ್ತು. ಗೋಡೆ ಮುಗಿಯುವಷ್ಟರಲ್ಲೇ ಬಿಸಿಲು ಮುಗಿಯುತ್ತ ಬಂದಿತ್ತು. ಓಣಿಯ ಜನ ತಮ್ಮ ಮನೆಗೆ ತಾವೇ ಹಲಗೆಯ ಮೇಲೆ ಸರ್ಕಸ್ ಮಾಡಿಕೊಂಡು ಹೋಗುತ್ತಿದ್ದರು. ಮಳೆಗಾಲ ಹಿಡಿಯುವ ಮುಂಚೆ ಸ್ಲ್ಯಾಬ್ ಬೀಳಲೇಬೇಕು ಎಂದು ಮೇಲಿನಿಂದ ದಿನಾ ಫೋನು.

ಅಳಿಯನದು ಸೆಂಟ್ರಿಂಗ್ ಕೆಲಸ. ಸ್ಲ್ಯಾಬ್ ಗಟ್ಟಿಯಾಗುವವರೆಗೆ ಅದನ್ನು ಕೆಳಗಿನಿಂದ ಹೊತ್ತು ನಿಲ್ಲಲು ಕಬ್ಬಿಣದ ಜಾಕಿ ನಿಲ್ಲಿಸಿ, ಮೇಲೆ ತಗಡು ಹಾಸುವುದು. ಅವನು ಆ ಕೆಲಸದಲ್ಲಿ ಗಟ್ಟಿ. ಮಾತಿನಲ್ಲಿ ನಾನು ಅವನಿಗೆ ‘ಅವರು’ ಎನ್ನುತ್ತೇನೆ. ಬರೆಯುವಾಗ ಉದ್ದವಾಗುತ್ತದೆ, ‘ಅವನು’ ಎಂದೇ ಬರೆಯುತ್ತೇನೆ.

ಇಲ್ಲೊಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಜನರಲ್ಲಿ ಹೆಂಡತಿಯ ತಾಯಿ ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಅವನು ಬಂದರೆ ತಲೆಯ ಮೇಲೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿಯಬೇಕು. ಅವನ ಹೆಸರು ಬಾಯಲ್ಲಿ ಬರಬಾರದು. ಅವನೂ ಅಷ್ಟೇ, ನಮ್ಮ ಮುಂದೆ ಅಂಗಿಯ ಗುಂಡಿ ಬಿಚ್ಚಿಕೊಂಡು ಓಡಾಡುವುದಿಲ್ಲ, ಕಾಲು ಚಾಚಿ ಕೂರುವುದಿಲ್ಲ. ಏನಾದರೂ ಹೇಳಬೇಕಾದರೆ ನಡುವೆ ಇನ್ನೊಬ್ಬರು ಬೇಕು. ಯಾರೂ ಇಲ್ಲದಿದ್ದರೆ ಗೋಡೆಗೆ ಹೇಳಬೇಕು, ಅವನು ಗೋಡೆಯಿಂದ ಕೇಳಿಸಿಕೊಳ್ಳುತ್ತಾನೆ. ಇದು ಜಗಳವಲ್ಲ, ಮರ್ಯಾದೆ. ಬೆಂಗಳೂರಿಗೆ ಬಂದು ಎಷ್ಟೋ ಬಿಟ್ಟಿದ್ದೇವೆ, ಇದನ್ನು ಬಿಟ್ಟಿಲ್ಲ. ಕಾಲು ಚಾಚಿದರೆ ಇನ್ನೊಬ್ಬರಿಗೆ ತಾಕುವ ರೂಮಿನಲ್ಲಿ ಇರುವವರಿಗೆ ಇಂಥದ್ದೊಂದು ಪರದೆ ಬೇಕಾಗುತ್ತದೇನೋ.

ಕೆಲಸದ ಜಾಗದಲ್ಲಿ ಇದರಿಂದ ಏನೂ ತೊಂದರೆಯಾಗಿರಲಿಲ್ಲ. ಯಾಕೆಂದರೆ ಪಾಲಿಕೆಯ ಕೆಲಸವೂ ಹೀಗೆಯೇ ನಡೆಯುವುದು. ದೊಡ್ಡ ಸಾಹೇಬರು ವಾರ್ಡಿನ ಇಂಜಿನಿಯರಿಗೆ ಹೇಳುತ್ತಾರೆ. ಇಂಜಿನಿಯರು ಗುತ್ತಿಗೆದಾರನ ಸೂಪರ್‌ವೈಸರಿಗೆ ಹೇಳುತ್ತಾರೆ. ಸೂಪರ್‌ವೈಸರ್ ನನಗೆ ಹೇಳುತ್ತಾನೆ. ನಾನು ಆಳಿಗೆ ಹೇಳುತ್ತೇನೆ. ಆಳು ಇಂಜಿನಿಯರ್ ಕಾಲ ಬುಡದಲ್ಲೇ ಕೂತಿದ್ದರೂ, “ಆ ಸಲಿಕೆ ತೆಗೆಸ್ರಿ” ಎಂದು ಅವರು ಹೇಳುವುದು ಸೂಪರ್‌ವೈಸರಿಗೇ. ನಾನು ಅಳಿಯನಿಗೆ ಮಗಳ ಕೈಲಿ ಹೇಳಿಸುತ್ತಿದ್ದೆ, ಅಷ್ಟೇ ವ್ಯತ್ಯಾಸ. ಮಗಳೂ ನಮ್ಮ ಗುಂಪಿನಲ್ಲೇ ದುಡಿಯುತ್ತಾಳೆ. “ಆ ಮೂಲಿ ಜಾಕಿ ಸಡಿಲ ಅದ ಅಂತ ಹೇಳು” ಎಂದು ನಾನು ಅವಳಿಗೆ ಹೇಳಿದರೆ, ಎದುರಿಗೇ ಇರುವ ಅವನು, “ನೋಡೀನಿ ಅಂತ ಹೇಳು” ಎಂದು ಅವಳಿಗೇ ಹೇಳುತ್ತಿದ್ದ. ಅವಳು ನಡುವೆ ಬಾಯಿ ಬಿಡುವುದೂ ಬೇಕಿರಲಿಲ್ಲ. ನಿಂತಿದ್ದರೆ ಸಾಕಿತ್ತು.

ಇದನ್ನು ನೋಡಿ ನಗುತ್ತಿದ್ದವನು ವೈಬ್ರೇಟರ್ ಹಿಡಿಯುವವನು. ಹಸಿ ಕಾಂಕ್ರೀಟಿನೊಳಗೆ ಮೋಟಾರಿನ ಸೊಂಡಿಲು ಇಳಿಸಿ ಅದನ್ನು ಅದುರಿಸಿ ಕೂರಿಸುವವನು. ಹಲಸೂರಿನಲ್ಲೇ ಹುಟ್ಟಿದ ತಮಿಳಿನವನು, ನನ್ನನ್ನು ಪಾಟಿ, ಅಂದರೆ ಅಜ್ಜಿ, ಎನ್ನುತ್ತಾನೆ. ಒಂದು ದಿನ ಊಟದ ಹೊತ್ತಿನಲ್ಲಿ, ಅಳಿಯ ಅಂಗಿ ಬಿಚ್ಚಿ ಮರದ ಕೆಳಗೆ ಅಡ್ಡಾಗಿದ್ದಾಗ, ಇವನು ಹೋಗಿ ಕೂಗಿದ.

“ಯೋವ್, ಏಳಪ್ಪಾ! ಅತ್ತೆ ಕರೀತಾರೆ!”

ಅಳಿಯ ಎದ್ದವನೇ ಅಂಗಿಯನ್ನು ಉಲ್ಟಾ ಹಾಕಿಕೊಂಡು ಓಡಿ ಬಂದ. ನಾನು ಏನೂ ಅರಿಯದೆ ಬುತ್ತಿ ಬಿಚ್ಚಿ ಕೂತಿದ್ದವಳು, ಅವನನ್ನು ಕಂಡು ಗಾಬರಿಯಾಗಿ ಮುಖ ಮುಚ್ಚಿಕೊಂಡೆ. ಗುಂಪೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಲ್ಲಿಂದ ಅದೊಂದು ಆಟವಾಯಿತು. ಅವನು ಬೀಡಿ ಹಚ್ಚಿದರೆ, ಕಣ್ಣು ಮುಚ್ಚಿದರೆ, ಯಾರಾದರೊಬ್ಬರು, “ಅತ್ತೆ ಕರೀತಾರೆ, ಬೇಗ ಬಾ, ಕೈಯಲ್ಲಿ ಪೊರಕೆ ಇದೆ” ಎನ್ನುವುದು. ಅವನೂ ಪಳಗಿದ. ಕೂತಲ್ಲಿಂದಲೇ, “ಮುಂದಿನ ವರ್ಷ ಬರ್ತೀನಿ ಅಂತ ಹೇಳು” ಎನ್ನುತ್ತಿದ್ದ. ಸೆರಗಿನೊಳಗೆ ನಾನೂ ನಗುತ್ತಿದ್ದೆ. ಬಿಸಿಲಲ್ಲಿ ದುಡಿಯುವವರಿಗೆ ನಗುವುದಕ್ಕೆ ಏನಾದರೂ ಬೇಕು.

ಸ್ಲ್ಯಾಬ್ ಹಾಕುವ ದಿನ ಮಗಳು ಬಂದಿರಲಿಲ್ಲ. ಚಿಕ್ಕದಕ್ಕೆ ಜ್ವರ, ಆಸ್ಪತ್ರೆಗೆ ಹೋಗಿದ್ದಳು.

ಬೆಳಿಗ್ಗೆಯೇ ಮಿಕ್ಸರ್ ಲಾರಿ ಬಂತು. ಸ್ಲ್ಯಾಬ್ ಹಾಕುವ ದಿನ ಯಾರಿಗೂ ಊಟ ಸೇರುವುದಿಲ್ಲ. ಒಂದು ಸಲ ಶುರು ಮಾಡಿದರೆ ನಡುವೆ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಅಲ್ಲಿ ಸೀಳು, ಮುಂದೆ ನೀರು ಸೋರುವುದು ಅಲ್ಲೇ. ಲಾರಿಯೊಳಗಿನದು ಗಟ್ಟಿಯಾಗುವ ಮುಂಚೆ ಸುರಿಯಬೇಕು, ಸುರಿದದ್ದನ್ನು ಎಳೆಯಬೇಕು, ಎಳೆದದ್ದನ್ನು ಅದುರಿಸಬೇಕು. ಇದೆಲ್ಲ ಮೇಲೆ ನಡೆಯುವಾಗ ಕೆಳಗೆ ಮೋರಿಯೊಳಗೆ ಒಬ್ಬ ಇರಬೇಕು. ಭಾರಕ್ಕೆ ಯಾವ ಜಾಕಿ ಜಾರುತ್ತದೆ, ಯಾವ ತಗಡು ಬಾಗುತ್ತದೆ ಎಂದು ಬ್ಯಾಟರಿ ಬಿಟ್ಟು ನೋಡುತ್ತ, ಜಾರಿದ್ದನ್ನು ತಕ್ಷಣ ಬಡಿದು ಬಿಗಿ ಮಾಡುತ್ತ ಇರಬೇಕು. ಆ ಒಬ್ಬ ನನ್ನ ಅಳಿಯ. ಒಳಗೆ ಮೊಣಕಾಲುದ್ದ ಕೊಚ್ಚೆ. ಅವನು ಅಂಗಿ ಪ್ಯಾಂಟು ಬಿಚ್ಚಿ ಒಳಗೇ ಯಾವುದಾದರೂ ಜಾಕಿಗೆ ಸಿಕ್ಕಿಸಿ, ಚಡ್ಡಿಯಲ್ಲಿ ಕೆಲಸ ಮಾಡುತ್ತಿದ್ದ. ಎಲ್ಲರಿಗೂ ಗೊತ್ತು. ನನಗೂ ಗೊತ್ತು, ಆದರೆ ಅದು ನನಗೆ ಗೊತ್ತಿರುವ ವಿಷಯವಲ್ಲ.

ಹೊರಗೆ ಬರಲು ಒಂದೇ ದಾರಿ, ಸ್ಲ್ಯಾಬಿನ ನಡುವೆ ಬಿಟ್ಟಿದ್ದ ಚೌಕದ ಬಾಯಿ, ಅದರಲ್ಲಿ ಒಂದು ಕಬ್ಬಿಣದ ಏಣಿ. ಆ ಬಾಯಿಯನ್ನು ಕೊನೆಗೆ ಮುಚ್ಚಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದ್ದವರು ವಾರ್ಡಿನ ಇಂಜಿನಿಯರು. ಜೀವನ್ ಬಿಮಾ ನಗರದ ಹುಡುಗ, ಮೀಸೆ ಇನ್ನೂ ಸರಿಯಾಗಿ ದಟ್ಟವಾಗಿಲ್ಲ. ಆದರೂ ಕೆಲಸ ಬಲ್ಲವರು. ಮೇಲ್ಗಡೆ ಮೋರಿಗೆ ಅಡ್ಡಲಾಗಿ ಮರಳು ಚೀಲದ ಒಡ್ಡು ಹಾಕಿಸಿ, ಬರುವ ಕೊಳಚೆಯನ್ನು ಪಂಪಿನಿಂದ ಆಚೆ ಹಾಯಿಸಿದ್ದರು. ಆ ಒಡ್ಡಿನ ಹತ್ತಿರ ಫೋನು ಕೊಟ್ಟು ಒಬ್ಬನನ್ನು ಕೂರಿಸಿದ್ದರು. ಬೆಳಿಗ್ಗೆಯಿಂದ ತಮ್ಮ ಫೋನಿನಲ್ಲಿ ಮಳೆಯ ಚಿತ್ರ ನೋಡುತ್ತಲೇ ಇದ್ದರು.

“ಸಂಜೆವರೆಗೂ ಏನಿಲ್ಲ ಅಂತ ತೋರಿಸ್ತಾ ಇದೆ” ಎಂದು ಸೂಪರ್‌ವೈಸರಿಗೆ ಹೇಳಿದರು.

ಊಟ ಆದ ಮೇಲೆ ಗಾಳಿ ನಿಂತಿತು. ಹೊಂಗೆಯ ಎಲೆ ಒಂದೂ ಅಲ್ಲಾಡುತ್ತಿರಲಿಲ್ಲ. ನಮ್ಮ ತಲೆಯ ಮೇಲೆ ಬಿಸಿಲೇ ಇತ್ತು, ಆದರೆ ಹಲಸೂರಿನ ಕಡೆ ಆಕಾಶ ಬಾಂಡಲಿಯ ತಳದ ಹಾಗೆ ಕಪ್ಪಾಗಿತ್ತು. ಅರ್ಧಕ್ಕಿಂತ ಜಾಸ್ತಿ ಸ್ಲ್ಯಾಬ್ ಆಗಿತ್ತು. ಕೆಳಗಿಂದ ಅಳಿಯನ ಸುತ್ತಿಗೆಯ ಶಬ್ದ ಆಗಾಗ ಬರುತ್ತಿತ್ತು. ಅಲ್ಲಿ ಒಂದು ಜಾಕಿ ತಂಟೆ ಮಾಡುತ್ತಿದೆ ಎಂದು ನನಗೆ ಆ ಶಬ್ದದಲ್ಲೇ ತಿಳಿಯಿತು.

ಸೂಪರ್‌ವೈಸರಿನ ಫೋನು ಬಂತು. ಅವನು ಕಿವಿಗಿಟ್ಟುಕೊಂಡು ಒಂದು ಕ್ಷಣ ಕೇಳಿ, ಇಂಜಿನಿಯರ್ ಕಡೆ ತಿರುಗಿದ.

“ಸಾರ್, ಮೇಲ್ಗಡೆ ಜೋರು ಮಳೆಯಂತೆ. ಒಡ್ಡಿನ ಹತ್ರ ನೀರು ಏರ್ತಾ ಇದೆ, ಚೀಲ ಅಲ್ಲಾಡ್ತಾ ಇದಾವೆ ಅಂತಾನೆ.”

ನಮ್ಮಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಇಂಜಿನಿಯರು ಆಕಾಶ ನೋಡಲಿಲ್ಲ, ಫೋನನ್ನೂ ನೋಡಲಿಲ್ಲ.

“ನಿಲ್ಸಿ. ಕೆಳಗಿರೋರನ್ನ ಮೇಲೆ ಕರೀರಿ.”

“ಸಾರ್, ಇನ್ನೊಂದು ಲಾರಿ ತುಂಬ್ಕೊಂಡು ನಿಂತಿದೆ. ಇಷ್ಟು ಹಾಕ್ಬಿಡ್ತೀವಿ ಸಾರ್. ನಿಲ್ಸಿದ್ರೆ ಅದನ್ನ ಎಲ್ಲಿ ಸುರೀಲಿ?”

“ನನ್ ತಲೆ ಮೇಲೆ ಸುರಿ! ಮೊದ್ಲು ಆಳನ್ನ ಕರೀರಿ ಅಂದ್ನಲ್ಲ!” ಎಂದು ಹೇಳಿ, ಲಾರಿಯನ್ನು ನಿಲ್ಲಿಸಲು ತಾವೇ ಆ ತುದಿಗೆ ಓಡಿದರು.

ಸೂಪರ್‌ವೈಸರ್ ನನಗೆ ಕೂಗಿದ. “ಮೇಸ್ತ್ರಿಯಮ್ಮಾ, ಕೆಳಗಿರೋ ನಿಮ್ಮೋನ್ನ ಮೇಲಕ್ಕೆ ಕರೀರಿ, ಬೇಗ!”

ನಾನು ಅಭ್ಯಾಸದಂತೆ ಮಗಳಿಗಾಗಿ ತಿರುಗಿದೆ. ಮಗಳಿಲ್ಲ. ಬಾಯಿಯ ಹತ್ತಿರ ಇದ್ದವನು ವೈಬ್ರೇಟರಿನವನು, ಮೋಟಾರು ಆರಿಸಿ ಬೆವರು ಒರೆಸಿಕೊಳ್ಳುತ್ತಿದ್ದ.

“ಏ, ಅವ್ರಿಗೆ ಮ್ಯಾಲ ಬರ್ಬೇಕಂತ ಹೇಳು. ನೀರು ಬರ್ಲಿಕ್ಕತ್ತದ.”

ಅವನು ಬಗ್ಗಿ ಬಾಯಿಯೊಳಗೆ ಕೂಗಿದ. “ಯೋವ್! ಮೇಲೆ ಬಾ! ಅತ್ತೆ ಕರೀತಾರೆ!”

ಕೆಟ್ಟದ್ದನ್ನು ಬಯಸಿ ಅವನು ಹಾಗೆ ಹೇಳಲಿಲ್ಲ. ನಿಜವಾಗಿ ನಾನೇ ಕರೆದಿದ್ದೆ, ಅದನ್ನೇ ಹೇಳಿದ. ಒಳಗಿನಿಂದ ನಗು ಕೇಳಿಸಿತು.

“ಅತ್ತಿಗೆ ಮೊದ್ಲ ಚಾ ಕುಡ್ಸು! ಇಲ್ಲೊಂದು ಜಾಕಿ ಜಾರ್ಲಿಕ್ಕತ್ತದ!”

“ನಿಜಕ್ಕೂ ಕರೀತಾರಪ್ಪಾ! ನೀರು ಬರ್ತಾ ಇದೆ!”

“ಕೈಯಾಗ ಕಸಬರಿಗಿ ಅದ ಏನು?”

ಮತ್ತೆ ಸುತ್ತಿಗೆಯ ಶಬ್ದ. ಅತ್ತೆ ಕರೆಯುವುದೇ ಇಲ್ಲ ಎಂದು ಲೋಕದಲ್ಲಿ ಯಾರಿಗಾದರೂ ಖಾತ್ರಿಯಿದ್ದರೆ ಅದು ಅವನಿಗೆ. ವೈಬ್ರೇಟರಿನವನು ನನ್ನ ಕಡೆ ತಿರುಗಿದ. ಮುಖದ ಮೇಲಿದ್ದ ಸಿಮೆಂಟು ಒಣಗಿತ್ತೋ, ಅವನೇ ಬಿಳಚಿಕೊಂಡಿದ್ದನೋ.

“ಪಾಟಿ, ನಂಬ್ತಾ ಇಲ್ಲ ಅವ್ನು. ನನ್ ಬಾಯಿಗೆ ಬೆಂಕಿ ಹಾಕ. ನಾನೇ ಇಳಿದು ಕರ್ಕೊಂಡ್ ಬರ್ತೀನಿ.”

ಏಣಿಗೆ ಕಾಲಿಟ್ಟೂಬಿಟ್ಟ. ಒಳಗೆ ಒಬ್ಬನ ಬದಲು ಇಬ್ಬರಾಗುತ್ತಿದ್ದರು. ಅವನ ಕಾಲರ್ ಹಿಡಿದು ಹಿಂದಕ್ಕೆ ಎಳೆದೆ. ಹಸಿ ಕಾಂಕ್ರೀಟಿನ ಅಂಚಿನಲ್ಲಿ ಮಂಡಿಯೂರಿ, ತಲೆಯನ್ನು ಆ ಬಾಯಿಯೊಳಗೆ ತೂರಿಸಿದೆ. ಸೆರಗು ಜಾರಿ ಕೆಳಗೆ ನೇತಾಡಿತು. ಒಳಗೆ ಕತ್ತಲೆ, ದೂರದಲ್ಲಿ ಬ್ಯಾಟರಿಯ ಬೆಳಕು, ಜಾಕಿಗಳ ಸಾಲು.

ಅವನ ಹೆಸರು ಹಿಡಿದು ಕರೆದೆ. ಮಗಳನ್ನು ಕೊಟ್ಟ ಮೇಲೆ ಅದೇ ಮೊದಲು.

“ನೀರು ಬರ್ಲಿಕ್ಕತ್ತದ. ಸುತ್ತಿಗಿ ಬಿಟ್ಟು ಮ್ಯಾಲ ಬಾ.”

ಬರ್ರಿ ಎನ್ನಲಿಲ್ಲ, ಬರ್ಬೇಕಂತ ಎನ್ನಲಿಲ್ಲ. ಬಾ ಎಂದೆ.

ಸುತ್ತಿಗೆ ನಿಂತಿತು. ನೀರಿನಲ್ಲಿ ಓಡಿ ಬರುವ ಕಾಲಿನ ಶಬ್ದ ಕೇಳಿತು. ಬೆಳಕು ಹತ್ತಿರ ಬಂತು, ಬಂದು ಏಣಿಯಿಂದ ಸ್ವಲ್ಪ ದೂರದಲ್ಲಿ ನಿಂತಿತು, ಫಕ್ಕನೆ ಆರಿತು.

“ಯಾರದು?”

“ನಾನು.”

ಸಣ್ಣ ದನಿಯಲ್ಲಿ, ನನಗಲ್ಲ, ನನ್ನ ಪಕ್ಕದಲ್ಲಿದ್ದವನಿಗೆ ಹೇಳಿದ.

“ಏ ದೋಸ್ತಾ, ಅವ್ರಿಗೆ ಅಲ್ಲಿಂದ ಸರೀಬೇಕಂತ ಹೇಳು. ನಾ ಚಡ್ಡಿ ಮ್ಯಾಲ ಅದೀನಿ. ಪ್ಯಾಂಟು ಆ ಕಡಿ ಜಾಕಿಗೆ ಹಾಕೀನಿ, ತಗೊಂಡು ಬರ್ತೀನಿ.”

ಕಾಲಿನ ಶಬ್ದ ವಾಪಸು ದೂರ ಹೊರಟಿತು. ನೀರು ಬರುವ ಕಡೆಗೇ ಹೊರಟಿತು.

ಮೋರಿಯ ವಾಸನೆ ಬದಲಾಗಿದ್ದು ಆಗಲೇ. ಹಳೆಯ ಕೊಚ್ಚೆಯ ವಾಸನೆ ಹೋಗಿ, ಮಳೆ ಬಿದ್ದ ಡಾಂಬರಿನ ತಣ್ಣನೆಯ ಗಾಳಿ ಒಳಗಿಂದ ನನ್ನ ಮುಖಕ್ಕೆ ಬಡಿಯಿತು. ಗಾಳಿಯನ್ನು ಮುಂದೆ ತಳ್ಳಿಕೊಂಡು ಬರುತ್ತಿರುವುದು ಏನು ಎಂದು ಮೋರಿಯಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ.

“ಪ್ಯಾಂಟ್ ಬಿಡಪ್ಪಾ ಯೋವ್!” ಎಂದು ವೈಬ್ರೇಟರಿನವನು ಅಳುವ ದನಿಯಲ್ಲಿ ಕಿರುಚಿದ.

ನಾನು ಅದಕ್ಕಿಂತ ಜೋರಾಗಿ ಕಿರುಚಿದೆ. “ಪ್ಯಾಂಟಿಗೆ ಬೆಂಕಿ ಬೀಳ್ಲಿ! ನಾ ನೋಡಂಗಿಲ್ಲ! ಬೆನ್ನು ತಿರುಗಿಸಿ ನಿಂತೀನಿ! ಹಂಗೇ ಬಾ!”

ಬರಿಯ ಮಾತಲ್ಲಿ ಹೇಳಿದರೆ ಅವನು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಎದ್ದು ನಿಂತೆ. ಬಾಯಿಗೆ ಬೆನ್ನು ಮಾಡಿದೆ. ಸೆರಗನ್ನು ಹಣೆಯವರೆಗೆ ಎಳೆದುಕೊಂಡೆ. “ತಿರುಗೀನಿ ಅಂತ ಹೇಳು” ಎಂದೆ.

“ತಿರುಗಿದಾರೆ! ಪಾಟಿ ತಿರುಗಿದಾರೆ, ಬಾರೋ!” ಎಂದು ಅವನು ಕೂಗಿದ.

ಆಮೇಲೆ ನನಗೆ ಹಿಂದೆ ಏನಾಗುತ್ತಿದೆ ಎಂದು ಕಾಣುತ್ತಿರಲಿಲ್ಲ. ಕಲ್ಲು ಹೊತ್ತಿದ್ದೇನೆ, ಬಸುರಿಯಾಗಿದ್ದಾಗಲೂ ಹೊತ್ತಿದ್ದೇನೆ, ಗಂಡನನ್ನು ಮಣ್ಣು ಮಾಡಿದ ವಾರವೇ ಕೆಲಸಕ್ಕೆ ಹೋಗಿದ್ದೇನೆ. ಆದರೆ ಹಾಗೆ ಬೆನ್ನು ಮಾಡಿ ನಿಂತದ್ದರಷ್ಟು ಕಷ್ಟದ ಕೆಲಸ ಮಾಡಿಲ್ಲ. ಕಣ್ಣ ಮುಂದೆ ಕಂಡದ್ದು ನಮ್ಮ ಆಳುಗಳು. ಬುಟ್ಟಿ ಹಿಡಿದವಳು ಹಾಗೇ ಹಿಡಿದುಕೊಂಡು ನಿಂತಿದ್ದಳು. ಅವಳ ಕಣ್ಣು ನನ್ನ ಭುಜದ ಮೇಲಿಂದ ಹಿಂದಕ್ಕೆ ನೆಟ್ಟಿತ್ತು. ಲಾರಿಯ ಡ್ರಮ್ಮು ತಿರುಗುತ್ತಲೇ ಇತ್ತು. ಇಂಜಿನಿಯರು ಆ ತುದಿಯಿಂದ ವಾಪಸು ಓಡಿ ಬರುತ್ತಿದ್ದರು. ಓಡುತ್ತ ಎಲ್ಲರಿಗೂ ಕೈ ಬೀಸುತ್ತಿದ್ದರು.

“ಸ್ಲ್ಯಾಬ್ ಮೇಲಿಂದ ಇಳೀರಿ! ಎಲ್ಲಾರೂ ಇಳೀರಿ! ಅಮ್ಮಾ, ನೀವೂ!”

ಅವರು ಆಳುಗಳಿಗೆ ನೇರವಾಗಿ ಮಾತಾಡಿದ್ದು ನಾನು ಅವತ್ತೇ ಮೊದಲು ಕೇಳಿದ್ದು.

ನಾನು ಇಳಿಯಲಿಲ್ಲ. ಬೆನ್ನ ಹಿಂದೆ ಏಣಿ ಅಲ್ಲಾಡಿದ ಶಬ್ದ ಬರಲಿ ಎಂದು ಕಾಯುತ್ತಿದ್ದೆ. ಬರಲಿಲ್ಲ. ಕಾಲಡಿಯ ತಗಡು ಸಣ್ಣಗೆ ನಡುಗತೊಡಗಿತು. ಬುಟ್ಟಿಯವಳು ಬಾಯಿಗೆ ಕೈ ಇಟ್ಟುಕೊಂಡಳು. ಆಗ ತಿರುಗಿಬಿಡಬೇಕು ಅನ್ನಿಸಿತು. ತಿರುಗಿದ್ದನ್ನು ಕಂಡರೆ ಅವನು ಮತ್ತೆ ಒಳಕ್ಕೆ ಹೋಗುತ್ತಾನೆ ಎಂದು ಕುತ್ತಿಗೆ ಬಿಗಿ ಹಿಡಿದು ನಿಂತೆ.

ಕಬ್ಬಿಣದ ಮೇಲೆ ಕಬ್ಬಿಣ ಬಡಿದ ಸದ್ದು. ಏಣಿ.

“ಕೈ ಕೊಡು, ಕೈ ಕೊಡು… ಇನ್ನೊಂದೂ ಕೊಡಪ್ಪಾ!”

ಒದ್ದೆ ಪಾದ ತಗಡಿನ ಮೇಲೆ ಬಿದ್ದ ಶಬ್ದ ಕೇಳಿತು. ಬುಟ್ಟಿಯವಳು ಬುಟ್ಟಿ ಕೆಳಗಿಟ್ಟಳು. ಯಾರೋ ನನ್ನ ತೋಳು ಹಿಡಿದು ಎಳೆದರು, ಎಲ್ಲರೂ ಓಣಿಯ ಕಡೆಗೆ ಹಾರಿದೆವು. ನಾವು ಫುಟ್‌ಪಾತ್ ಮುಟ್ಟುವುದಕ್ಕೂ ಮೋರಿಯೊಳಗೆ ಲಾರಿ ನುಗ್ಗಿದ ಹಾಗೆ ಸದ್ದು ಬರುವುದಕ್ಕೂ ಸರಿಹೋಯಿತು. ಚೌಕದ ಬಾಯಿಂದ ಕಪ್ಪು ನೀರು ಒಂದು ಸಲ ಮೇಲಕ್ಕೆ ಚಿಮ್ಮಿತು. ಥರ್ಮಾಕೋಲ್, ಬಾಟಲಿ, ಯಾರದೋ ಸೋಫಾದ ಮೆತ್ತೆ. ಜಾಕಿಗಳು ಒಂದೊಂದಾಗಿ ಬೀಳುವುದು ಕೇಳುತ್ತಿತ್ತು. ಬೆಳಿಗ್ಗೆಯಿಂದ ಎಳೆದು ನುಣ್ಣಗೆ ಮಾಡಿದ್ದ ಸ್ಲ್ಯಾಬ್ ನಡುವೆ ತೊಟ್ಟಿಲಿನ ಹಾಗೆ ಇಳಿಯಿತು, ಇಳಿದು ಒಳಕ್ಕೆ ಹೋಯಿತು. ಕಂಬಿಗಳು ಮಾತ್ರ ಮೇಲೆ ಚಾಚಿಕೊಂಡು ಉಳಿದವು.

ಅದಾದ ಮೇಲೆ ನಮ್ಮ ಓಣಿಗೂ ಮಳೆ ಬಂತು.

“ತಿರುಗಿ ಪಾಟಿ, ಗೋಣಿಚೀಲ ಸುತ್ತಿದೀನಿ” ಎಂದು ವೈಬ್ರೇಟರಿನವನು ಹೇಳಿದ ಮೇಲೆ ತಿರುಗಿದೆ. ಅಳಿಯ ಯಾರದೋ ಮನೆಯ ಗೇಟಿನ ಕೆಳಗೆ ಸೊಂಟಕ್ಕೆ ಗೋಣಿ ಸುತ್ತಿಕೊಂಡು, ಹಲ್ಲು ಕಟಕಟ ಅನ್ನುತ್ತ ಕೂತಿದ್ದ. ನನ್ನನ್ನು ಕಂಡು ಎದ್ದು ನಿಲ್ಲಲು ನೋಡಿದ. “ಕೂಡ್ಬೇಕಂತ ಹೇಳು” ಎಂದೆ. ಇಂಜಿನಿಯರು ಮಳೆಯಲ್ಲೇ ನಿಂತು, ಒಬ್ಬೊಬ್ಬರ ಮುಖ ನೋಡಿ, ಎಲ್ಲರೂ ಇದ್ದಾರೆ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಫುಟ್‌ಪಾತಿನ ಮೇಲೆ ಕುಕ್ಕರಿಸಿದರು. ಸೂಪರ್‌ವೈಸರ್ ಉಳಿದ ಲಾರಿಯನ್ನು ಎಲ್ಲಿಗೋ ಸಾಗಿಸಿದ. ಎಲ್ಲಿ ಸುರಿದನೋ ನಾನು ಕೇಳಲಿಲ್ಲ.

ಸಂಜೆ ಮಗಳು ಮಗುವನ್ನು ಎತ್ತಿಕೊಂಡು ಬಂದವಳು, ಗಂಡನನ್ನು ಮೇಲಿಂದ ಕೆಳಗೆ ನೋಡಿ, ಪ್ಯಾಂಟಿನ ಜೇಬಿನಲ್ಲಿದ್ದ ಫೋನು ಹೋಯಿತೆಂದು ಅಳಲು ಶುರುಮಾಡಿದಳು.

“ಫೋನ್ ಹಚ್ಬೇಕಾದವ ಮನ್ಯಾಗೇ ಅದಾನ, ಸುಮ್ನಿರು” ಎಂದೆ.

ಮಾರನೆಯ ದಿನ ದೊಡ್ಡ ಸಾಹೇಬರು ಬಂದರು. ಕಾರಿನಿಂದ ಇಳಿದು, ಬಿದ್ದ ಸ್ಲ್ಯಾಬ್ ನೋಡಿದರು. ನಿಲ್ಲಿಸಿದ್ದು ಸರಿ ಎಂದು ಮೊದಲು ಹೇಳಿದರು, ಅದಕ್ಕೆ ನಮ್ಮ ಇಂಜಿನಿಯರ್ ಉಸಿರು ಬಿಟ್ಟರು. ಆಮೇಲೆ ಕೇಳಿದರು. “ಫೋನ್ ಬಂದ ಮೇಲೆ ಒಬ್ಬ ಆಳನ್ನ ಹೊರಗೆ ತರೋಕೆ ಅಷ್ಟು ಹೊತ್ತು ಯಾಕಾಯ್ತು?” ಇಂಜಿನಿಯರು ಸೂಪರ್‌ವೈಸರನ್ನು ನೋಡಿದರು. ಸೂಪರ್‌ವೈಸರ್ ನನ್ನನ್ನು ನೋಡಿದ. ನನ್ನ ಹಿಂದೆ ವೈಬ್ರೇಟರಿನವನು, ಅವನ ಹಿಂದೆ ಅಳಿಯ. ಅಳಿಯ ಯಾರದೋ ದೊಗಲೆ ಪ್ಯಾಂಟು ಹಾಕಿಕೊಂಡು ನೆಲ ನೋಡುತ್ತಿದ್ದ. ಕೊನೆಗೆ ಇಂಜಿನಿಯರು, “ಸಂವಹನದ ಕೊರತೆ ಸಾರ್” ಎಂದರು. ಆ ಮಾತು ನನಗೆ ಹೊಸದು. ಚಡ್ಡಿ ಎನ್ನುವುದಕ್ಕೆ ಆಫೀಸಿನಲ್ಲಿ ಹಾಗೆ ಹೇಳುತ್ತಾರೆ ಎಂದುಕೊಂಡೆ. ಊರಿಗೆ ಸುದ್ದಿ ಮುಟ್ಟಿದಾಗ ಅಲ್ಲಿನವರು, ಅಳಿಯನನ್ನು ಅತ್ತೆಯ ಕೈಕೆಳಗೆ ದುಡಿಸಿದರೆ ಇನ್ನೇನಾಗುತ್ತದೆ ಎಂದರಂತೆ.

ಸಾಹೇಬರು ಹೋದ ಮೇಲೆ ಇಂಜಿನಿಯರು ಸೂಪರ್‌ವೈಸರನ್ನು ದಾಟಿ ನೇರ ನನ್ನ ಹತ್ತಿರ ಬಂದರು.

“ಅಮ್ಮಾ, ಒಂದೇ ಮಾತು. ಮುಂದಿನ ಸಲ ನೀವು ಅವನ ಜೊತೆ ನೇರ ಮಾತಾಡ್ತೀರಾ, ಇಲ್ಲ ಅವನು ಕೆಳಗೆ ಇಳಿಯಲ್ಲ. ಬೇರೆಯವರನ್ನ ಇಳಿಸ್ತೀನಿ.”

“ಬೇರೆಯವ್ರು ಅಂದ್ರ ಯಾರು ಸಾಹೇಬ್ರ? ಇವ್ರೆಲ್ಲಾ ನನಗ ಏನಾದ್ರೂ ಒಂದು ಆಗೇ ಆಗ್ತಾರ. ಆ ಉದ್ದಾನವ ಇನ್ನೊಬ್ಬ ಅಳ್ಯಾ.”

ಅವರು ಹಣೆ ಒತ್ತಿಕೊಂಡರು. “ಹಾಗಾದ್ರೆ ಏನ್ ಮಾಡ್ತೀರೋ ನೀವೇ ಹೇಳಿ.”

“ಎರಡು ದಿನ ಕೊಡ್ರಿ” ಎಂದೆ. ಎದುರು ನಿಂತು ಮಾತಾಡಿದರೆ ನನಗೇನೂ ಸವೆಯುವುದಿಲ್ಲ, ಒಂದು ಸಲ ಮಾತಾಡಿ ಆಗಿದೆ. ಆದರೆ ಅವನು ಮುಖ ಎತ್ತಿ ಉತ್ತರ ಕೊಡುವುದಿಲ್ಲ. ಉತ್ತರ ಕೊಡದ ಆಳನ್ನು ಮೋರಿಗೆ ಇಳಿಸುವುದೂ ಒಂದೇ, ಕಿವುಡನನ್ನು ಇಳಿಸುವುದೂ ಒಂದೇ. ರೂಮಿನಲ್ಲಿ ಎರಡು ದಿನ ಇದನ್ನೇ ಯೋಚಿಸಿದೆ. ಮಗಳ ಮುಂದೆ, ಅವನಿಗೆ ಕೇಳುವ ಹಾಗೆ, ಗೋಡೆಗೆ ಹೇಳಿದೆ. ಆಚೆಯಿಂದ, “ಹೂಂ, ಆಗ್ಬೋದಂತ ಹೇಳು” ಎಂದು ಬಂತು.

ಬಿದ್ದದ್ದನ್ನೆಲ್ಲ ಒಡೆದು ತೆಗೆದು, ಜಾಕಿ ಹುಡುಕಿ, ಕಂಬಿ ಮತ್ತೆ ಕಟ್ಟಿ, ಎರಡನೇ ಸಲ ಸ್ಲ್ಯಾಬ್ ಹಾಕುವ ದಿನ ಬಂತು. ಆ ದಿನವೂ ಮೋಡ ಇತ್ತು. ಇಂಜಿನಿಯರು ಹೆಚ್ಚು ಚೀಲ ಹಾಕಿಸಿದ್ದರು, ಒಡ್ಡಿನ ಹತ್ತಿರ ಇಬ್ಬರನ್ನು ಕೂರಿಸಿದ್ದರು. ವೈಬ್ರೇಟರಿನವನು ಹಣೆಗೆ ವಿಭೂತಿ ಬಳಿದುಕೊಂಡು ಬಂದಿದ್ದ. ಬೆಳಿಗ್ಗೆಯಿಂದ ಬಾಯಿ ಬಿಟ್ಟಿರಲಿಲ್ಲ.

ನಾನು ಆ ಚೌಕದ ಬಾಯಿಯ ಪಕ್ಕ ಒಂದು ಸಿಮೆಂಟು ಚೀಲ ಹಾಸಿಕೊಂಡು, ಬಾಯಿಗೆ ಬೆನ್ನು ಕೊಟ್ಟು ಕೂತೆ. ತಲೆಯ ಮೇಲೆ ಸೆರಗು. ಅವನು ಇಳಿದದ್ದನ್ನು ನಾನು ನೋಡಲಿಲ್ಲ. ಮೇಲೆ ಕಾಂಕ್ರೀಟ್ ಬೀಳುತ್ತಿತ್ತು, ನಾನು ಎದುರಿನ ಹೊಂಗೆಯ ಮರಕ್ಕೆ ಮಾತಾಡುತ್ತಿದ್ದೆ.

“ಬಲಗಡಿ ಲಾರಿ ಬಂತು.”

“ಹೂಂ” ಎಂದು ಬೆನ್ನ ಹಿಂದೆ ನೆಲದೊಳಗಿಂದ ಬರುತ್ತಿತ್ತು.

“ನೀರು ಎಷ್ಟದ?”

“ಅಷ್ಟೇ ಅದ.”

ನಡುವೆ ಎಲ್ಲಾದರೂ ಉತ್ತರ ತಡವಾದರೆ ಮತ್ತೆ ಕೇಳುತ್ತಿದ್ದೆ. “ಕೇಳ್ತದ, ಕೇಳ್ತದ” ಎಂದು ಒಂದು ಸಲ ಸಿಟ್ಟಿನಿಂದಲೇ ಹೇಳಿದ. ಅತ್ತೆಯ ಮೇಲೆ ಸಿಟ್ಟು ಮಾಡುವಷ್ಟು ಆಗಿತ್ತು ನಮ್ಮ ಮಾತು. ಹೊತ್ತು ಇಳಿಯುವ ಮುಂಚೆ, ಲಾರಿ ಇನ್ನೂ ಸುರಿಯುತ್ತಿರುವಾಗ, ಹಲಸೂರಿನ ಕಡೆ ಗುಡುಗಿತು. ಫೋನು ಬಂದಿರಲಿಲ್ಲ. ಇಂಜಿನಿಯರು ನನ್ನ ಕಡೆ ನೋಡಿ, ಬಾಯಿ ತೆರೆದು ಇನ್ನೂ ಏನೂ ಹೇಳಿರಲಿಲ್ಲ.

“ಮ್ಯಾಲ ಬರ್ಬೇಕು” ಎಂದು ಮರಕ್ಕೆ ಹೇಳಿದೆ.

ಏಣಿ ಆಗಲೇ ಅಲ್ಲಾಡುತ್ತಿತ್ತು. ನಾನು ಬೆನ್ನು ಹಾಗೇ ಇಟ್ಟುಕೊಂಡು ಕೂತೆ, ಗೋಣಿಚೀಲ ಪಕ್ಕದಲ್ಲೇ ತೆಗೆದಿಟ್ಟಿದ್ದೆ, ಅದನ್ನು ಹಿಂದಕ್ಕೆ ಚಾಚಿದೆ. ಯಾರೂ ತೆಗೆದುಕೊಳ್ಳಲಿಲ್ಲ.

“ಬೇಡ್ವಂತೆ ಪಾಟಿ” ಎಂದ ವೈಬ್ರೇಟರಿನವನು, ಆ ದಿನದ ಅವನ ಮೊದಲ ಮಾತು ಅದು. “ಪ್ಯಾಂಟ್ ಹಾಕ್ಕೊಂಡೇ ಇಳಿದಿದ್ದಾನೆ. ಬೆಲ್ಟ್ ಬೇರೆ.”